ಕಂಬ ಕೊಯ್ದ ಮಿಸ್ತ್ರಿ

ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ನಿಪ್ಪಾಣಿಯ ಪೇಟೆಯಲ್ಲಿ ಯಾರೂ ದೊಡ್ಡದು ಮಾಡಲಿಲ್ಲ. ಕೊನೆಯ ಎರಡು ವರ್ಷ ಅವರು ಬರುವುದು ಕಂಡರೆ ಜನ ಅಂಗಡಿಯ ಒಳಗೆ ಸರಿದುಬಿಡುತ್ತಿದ್ದರು. ಮುದುಕನಿಗೆ ಮರುಳು ಹಿಡಿದಿದೆ ಎಂಬ ಮಾತು ಓಣಿ ತುಂಬ ಇತ್ತು. ನಾನು ಅವರನ್ನು ಹದಿನೈದು ವರ್ಷಕ್ಕೂ ಮೇಲೆ ಬಲ್ಲೆ. ಮರುಳು ಹಿಡಿದಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಾನು ಸದಲಗಾದಿಂದ ಈ ಮನೆಗೆ ಸೊಸೆಯಾಗಿ ಬಂದಾಗ, ಬಡಿಗತನದ ಕೆಲಸವೆಂದರೆ ಅವರೇ ಎಂಬುದು ನಮ್ಮ ಮಾವನವರ ಮನೆಯ ಕಟ್ಟಳೆಯಾಗಿತ್ತು. ತೆಳ್ಳಗಿನ ಎತ್ತರದ ಆಳು. ಬಿಳಿ ಪೈಜಾಮ, ಮೊಣಕೈವರೆಗೆ ಮಡಿಸಿದ ನೆಹರೂ ಶರ್ಟು, ತಲೆಗೆ ಟೋಪಿ. ಪೆನ್ಸಿಲನ್ನು ಎಲ್ಲರ ಹಾಗೆ ಕಿವಿಗೆ ಸಿಕ್ಕಿಸಿಕೊಳ್ಳದೆ ಟೋಪಿಯ ಮಡಿಕೆಯಲ್ಲಿ ಇಡುತ್ತಿದ್ದರು. ಜನರ ಜೊತೆ ಕನ್ನಡ ಮಾತಾಡಿದರೂ ಅಳತೆ ಮಾತ್ರ ಮರಾಠಿಯಲ್ಲಿ. ಪಟ್ಟಿ ಹಿಡಿದು "ಸಾಡೇತೀನ, ಪಾವಣೇಚಾರ" ಎಂದು ಮೆಲ್ಲಗೆ ಎಣಿಸುವಾಗ ಅವರನ್ನು ಮಾತಾಡಿಸಿದರೆ ಕೇಳಿಸುತ್ತಿರಲಿಲ್ಲ. ತಾವೇ ಮಾಡಿಕೊಟ್ಟ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನು ನೋಡಿಲ್ಲ. ಚಹಾ ಕೊಟ್ಟರೆ ನೆಲದ ಮೇಲೆ ಕೂತು, ಬಶಿಗೆ ಸುರಿದುಕೊಂಡು ಕುಡಿಯುತ್ತಿದ್ದರು. "ಕೆಲಸ ಮುಗೀತೇನ್ರಿ ಮಿಸ್ತ್ರಿ?" ಎಂದು ಕೇಳಿದರೆ ಒಮ್ಮೆಯೂ ಮುಗೀತು ಎಂದವರಲ್ಲ. "ಸದ್ಯಕ್ಕ ನಿಂತೈತ್ರಿ" ಎನ್ನುತ್ತಿದ್ದರು.

ನನ್ನ ತವರಿಗೆ ಅವರು ಒಂದು ಮಂಚ ಮಾಡಿಕೊಟ್ಟಿದ್ದರು. ಆರು ತಿಂಗಳಾದ ಮೇಲೆ ನಮ್ಮವ್ವ ಇಲ್ಲಿಗೆ ಬಂದಾಗ, ಮಂಚ ಹೊರಳಿದರೆ ಕಿರುಗುಡುತ್ತದೆ ಎಂದು ಮಾತಿನ ನಡುವೆ ನನಗೆ ಹೇಳಿದಳು. ಮಿಸ್ತ್ರಿ ಪಡಸಾಲೆಯಲ್ಲಿ ಬಾಗಿಲಿಗೆ ಚಿಲಕ ಜೋಡಿಸುತ್ತಿದ್ದರು. ಮುಂದಿನ ವಾರ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಸದಲಗಾಕ್ಕೆ ಹೋದರಂತೆ. ಮಂಚ ಮಗುಚಿ ಹಾಕಿ, ಒಂದು ಕಾಲಿನ ಗೂಟ ಬಿಚ್ಚಿ, ಕೆತ್ತಿ, ಮತ್ತೆ ಬಡಿದು, ಮಜ್ಜಿಗೆ ಕುಡಿದು ಬಂದರು. "ಮಂಚ ಕಿರುಗುಟ್ಟಿದ್ರ ಮಲಗಿದವ್ರ ನಿದ್ದಿ ಕೆಡಬೇಕು, ನಿಮ್ಮ ಮಿಸ್ತ್ರಿದ್ಯಾಕ ಕೆಟ್ಟೈತಿ?" ಎಂದು ಅವ್ವ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಯಾರ ಮನೆಗೆ ಕಾಲಿಟ್ಟರೂ ಮೊದಲು ಕತ್ತೆತ್ತಿ ತೊಲೆ, ಜಂತಿ ನೋಡುತ್ತಿದ್ದರು. ನಮ್ಮ ಮನೆಯಲ್ಲಂತೂ ನೋಡುತ್ತ ನಿಂತೇಬಿಡುತ್ತಿದ್ದರು. ಕಸುಬಿನವರ ಕಣ್ಣು, ಹಾಗೇ ಹೋಗುತ್ತದೆ ಎಂದುಕೊಂಡಿದ್ದೆ.

ನಮ್ಮದು ಹಳೆಯ ಮನೆ. ಕೆಳಗೆ ಬೀದಿಗೆ ಮುಖ ಮಾಡಿದ ದೊಡ್ಡ ಕೋಣೆಯನ್ನು ಮಾವ ಬಟ್ಟೆ ಅಂಗಡಿಯವನಿಗೆ ಬಾಡಿಗೆ ಕೊಟ್ಟಿದ್ದರು. ಅದರ ಮೇಲೆ ಸಾಗವಾನಿ ಹಲಗೆ ಹಾಸಿದ ಉದ್ದನೆಯ ಸಭಾಂಗಣ. ಮಾವನ ತಂದೆಯ ಕಾಲದಲ್ಲಿ ಅಲ್ಲಿ ತಂಬಾಕಿನ ಬೋದು, ಅಂದರೆ ದೊಡ್ಡ ಮೂಟೆ, ಒಟ್ಟುತ್ತಿದ್ದರು. ಎಷ್ಟು ತೊಳೆದರೂ ಮಳೆಗಾಲದಲ್ಲಿ ಹಲಗೆಗಳಿಂದ ತಂಬಾಕಿನ ಘಾಟು ಏಳುತ್ತಿತ್ತು. ನೆಲ ಸಮ ಇರಲಿಲ್ಲ. ಮೂಲೆಯಲ್ಲಿ ಬಿಟ್ಟ ಗೋಲಿಗುಂಡು ತಾನಾಗಿಯೇ ಉರುಳಿ ನಡುವಿಗೆ ಬಂದು ನಿಲ್ಲುತ್ತಿತ್ತು. ನನ್ನ ಮಗನಿಗೆ ಅದೊಂದು ಆಟ.

ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ನನ್ನ ನಾದಿನಿಗೆ ಅಥಣಿಯ ಕಡೆಯ ಒಳ್ಳೆಯ ಮನೆತನದ ವರ ಗೊತ್ತಾಯಿತು. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ, ಮೇಲಿನ ಸಭಾಂಗಣದಲ್ಲಿ ಎಂದು ಮಾವ ಹೇಳಿದರು. ಅವರು ಕೊಲ್ಹಾಪುರದಲ್ಲಿ ನೆಂಟರ ಬಂಗಲೆಯಲ್ಲಿ ಲ್ಯಾಮಿನೇಟ್ ನೆಲ ನೋಡಿ ಬಂದಿದ್ದರು. ಕನ್ನಡಿಯ ಹಾಗೆ ಹೊಳೆಯುವ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂಡುವ ತೆಳು ಹಲಗೆಗಳು. ಡಬ್ಬಗಳು ಟೆಂಪೋದಲ್ಲಿ ಬಂದಿಳಿದವು. ಮಾರಿದವರು ಒಂದೇ ಮಾತು ಹೇಳಿ ಕಳಿಸಿದ್ದರು: ಕೆಳಗಿನ ನೆಲ ಮೊದಲು ಸಮ ಆಗಬೇಕು, ಇಲ್ಲವಾದರೆ ಕೊಂಡಿಗಳು ಮುರಿಯುತ್ತವೆ. ಮಾವ ಮಿಸ್ತ್ರಿಯನ್ನು ಕರೆಸಿದರು.

ನಾನು ಕಲಿಸುವ ಶಾಲೆಗೆ ದೀಪಾವಳಿ ರಜೆ ಇತ್ತು. ದಾರದ ಒಂದು ತುದಿ ಹಿಡಿಯಲು ಮಿಸ್ತ್ರಿ, ಶಾಲೆಯ ಮಕ್ಕಳ ಹಾಗೆಯೇ, "ಬಾಯಾರ" ಎಂದು ನನ್ನನ್ನೇ ಕರೆದರು. ಗೋಡೆಯಿಂದ ಗೋಡೆಗೆ ದಾರ ಬಿಗಿದು, ಅಡಿಗೊಂದು ಕಡೆ ಪಟ್ಟಿ ನಿಲ್ಲಿಸಿ, ದಾರಕ್ಕೂ ಹಲಗೆಗೂ ನಡುವಿನ ಸಂದು ಅಳೆಯುತ್ತ ಬಂದರು. ಎಣಿಕೆ ಎಂದಿನಂತೆ ಮರಾಠಿಯಲ್ಲಿ ನಡೆದಿತ್ತು. ನಡುವಿಗೆ ಬಂದಾಗ "ದೀಡ ಇಂಚ" ಎಂದರು, ಒಂದೂವರೆ ಇಂಚು. ಆಮೇಲೆ ಎಣಿಕೆ ನಿಂತಿತು. ಅಲ್ಲೇ ಎರಡು ಹಲಗೆ ಎಬ್ಬಿಸಿ, ಬ್ಯಾಟರಿ ಹಾಕಿ, ಹೊಟ್ಟೆಯ ಮೇಲೆ ಮಲಗಿ ಒಳಗೆ ನೋಡಿದರು. ಎದ್ದಾಗ ಟೋಪಿ ಕೆಳಗೆ ಬಿದ್ದದ್ದೂ ಅವರಿಗೆ ಗೊತ್ತಿರಲಿಲ್ಲ.

ಮಾವ ಮೆಟ್ಟಿಲು ಹತ್ತಿ ಬಂದು, "ಏನ ಮಿಸ್ತ್ರಿ, ಎಷ್ಟ ದಿನದ ಕೆಲಸ?" ಎಂದು ಕೇಳಿದರು.

"ತಗ್ಗ ತುಂಬೂದು ಎರಡ ದಿನದ ಕೆಲಸರಿ ಸಾವ್ಕಾರ್ರ. ಆದ್ರ ತಗ್ಗ ಹಲಗ್ಯಾಗ ಇಲ್ಲ. ನಡುವಿನ ತೊಲಿ ಇಳದೈತಿ. ಸೀಳೂ ಬಿಟ್ಟೈತಿ."

"ಹಳೇ ತೊಲಿ ಅಂದ್ರ ಇಳೀತಾವ. ಯಾರ ಮನ್ಯಾಗ ಇಳದಿಲ್ಲ?"

"ಇದು ಹಳೇದಾಗಿ ಇಳದದ್ದಲ್ಲರಿ. ನಾ ಇಳಿಸಿದ್ದು."

ನನಗೆ ಅರ್ಥವಾಗಲಿಲ್ಲ. ಮಿಸ್ತ್ರಿ ನನ್ನ ಕಡೆ ತಿರುಗಿ ಹೇಳಿದರು. ನಾನು ಈ ಮನೆಗೆ ಬರುವ ಒಂದು ವರ್ಷದ ಮುಂಚೆ, ಕೆಳಗಿನ ಕೋಣೆಯನ್ನು ಅಂಗಡಿ ಮಾಡುವಾಗ ನಟ್ಟನಡುವೆ ಒಂದು ಕಂಬ ಇತ್ತಂತೆ. ಬಾಡಿಗೆಗೆ ಬರುವವನು ಕಂಬ ಬೇಡ ಎಂದ. ಮಾವ ತೆಗೆಯಲು ಹೇಳಿದರು. ಕಂಬ ತೆಗೆದರೆ ತೊಲೆಯ ಕೆಳಗೆ ಕಬ್ಬಿಣದ ಗರ್ಡರ್ ಕೊಡಬೇಕು ಎಂದು ಇವರು ಹೇಳಿದರು. ಅದು ಆಮೇಲೆ ನೋಡೋಣ ಎಂದು ಮಾವ ಅಂದರು. ಇವರು ಕರಗಸ ಹಿಡಿದು ಕಂಬ ಕೊಯ್ದರು. ಆ "ಆಮೇಲೆ" ಬರಲೇ ಇಲ್ಲ.

ಮಾವನಿಗೆ ಸಿಟ್ಟು ಬಂತು. "ಹದಿನೈದ ವರ್ಷ ನಿಂತೈತಿ. ಈಗ ಶುಭಕಾರ್ಯದ ಹೊತ್ತಿನಾಗ ಅಪಶಕುನ ನುಡೀತಿ?"

"ಕೆಳಗ ಮೊದಲ ಕಂಬ ನಿಲ್ಸೂಣ್ರಿ. ಆಮ್ಯಾಲ ನೆಲ ಸಮ ಮಾಡ್ತೀನಿ. ಈಗ ತಗ್ಗ ತುಂಬಿದ್ರ ಭಾರ ಹೆಚ್ಚಾಗತೈತಿ. ಮತ್ತ ತಗ್ಗ ಮುಚ್ಚಿಹೋಗತೈತಿ. ಈಗ ಕಣ್ಣಿಗರ ಕಾಣತೈತಿ."

"ಅಂಗಡಿ ನಡುವ ಕಂಬ ನಿಲ್ಸಿದ್ರ ಅವ ಅಂಗಡಿ ಬಿಟ್ಟ ಹೋಗ್ತಾನ. ತಾರೀಖ ಗೊತ್ತಾಗೈತಿ. ನಿನ್ನ ಕೈಲೆ ಆಗಂಗಿಲ್ಲಂದ್ರ ಹೇಳು, ಬ್ಯಾರೆಯವ್ರು ಮಾಡ್ತಾರ."

ಮಿಸ್ತ್ರಿ ಎಬ್ಬಿಸಿದ ಹಲಗೆಗಳನ್ನು ಮತ್ತೆ ಕೂರಿಸಿ ಮೊಳೆ ಹೊಡೆದರು. ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ನನ್ನ ಕೈಲೆ ಆಗಂಗಿಲ್ರಿ" ಎಂದು ಹೇಳಿ ಇಳಿದು ಹೋದರು. ಅವರು ನಮ್ಮ ಮನೆಯ ಕೆಲಸ ಬಿಟ್ಟುಹೋದದ್ದು ಅದೇ ಮೊದಲು.

ಕೊಲ್ಹಾಪುರದಿಂದ ನಾಲ್ಕು ಜನ ಬಂದರು. ಉಬ್ಬಿದ ಕಡೆ ರಂದಾ ಹೊಡೆದರು. ತಗ್ಗಿನಲ್ಲಿ ಪ್ಲೈವುಡ್ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚಿಗೆ ತೆಳ್ಳಗೆ ನಡುವೆ ದಪ್ಪಗೆ ಬರುವಂತೆ ಕೆತ್ತಿ, ಇಡೀ ನೆಲಕ್ಕೆ ಮತ್ತೊಂದು ಪದರ ಪ್ಲೈವುಡ್ ಹೊದಿಸಿ ಸ್ಕ್ರೂ ಬಿಗಿದರು. ರಸಮಟ್ಟವನ್ನು ಎಲ್ಲಿ ಇಟ್ಟರೂ ಗುಳ್ಳೆ ನಡುವಿಗೇ ನಿಂತಿತು. ಅದರ ಮೇಲೆ ಫೋಮ್ ಹಾಳೆ, ಅದರ ಮೇಲೆ ಲ್ಯಾಮಿನೇಟು. ಆರು ದಿನದಲ್ಲಿ ನೆಲ ಬಂಗಲೆಯ ನೆಲದಂತಾಯಿತು. ಮಾವ ಒಂದು ಹಿತ್ತಾಳೆಯ ತಟ್ಟೆಗೆ ಅಂಚಿನವರೆಗೆ ನೀರು ತುಂಬಿ ನಡುವೆ ಇಟ್ಟು ನನ್ನನ್ನು ಕರೆದು ತೋರಿಸಿದರು. ನೀರು ಯಾವ ಕಡೆಗೂ ವಾಲಿರಲಿಲ್ಲ. ನನಗೂ ಸಂತೋಷವಾಯಿತು. ಮಿಸ್ತ್ರಿಗೆ ವಯಸ್ಸಾಯಿತು ಎಂದುಕೊಂಡೆ.

ನಿಶ್ಚಿತಾರ್ಥದ ದಿನ ಮೇಲೆ ಎರಡೂ ಕಡೆಯವರು ಸೇರಿ ಅರವತ್ತು ಎಪ್ಪತ್ತು ಜನ. ಶಾಸ್ತ್ರ ಮುಗಿದು ಅಲ್ಲೇ ಊಟದ ಸಾಲು ಕೂತಿತ್ತು. ಲೋಟ ಸಾಲಲಿಲ್ಲ. ಅಂಗಡಿಯ ಹಿಂದಿನ ಬಾಗಿಲಿಗೆ ಹೊಂದಿ ನಮ್ಮ ಪಾತ್ರೆಯ ಕೋಣೆ ಇದೆ. ಅಲ್ಲಿಗೆ ಇಳಿದು ಹೋದೆ. ಅಂಗಡಿ ಅವತ್ತು ಮುಚ್ಚಿತ್ತು, ಅಂಗಡಿಯವನೂ ಮೇಲೆ ಊಟಕ್ಕೆ ಕೂತಿದ್ದ. ಆದರೆ ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ.

ಒಳಗೆ ಮಿಸ್ತ್ರಿ ಇದ್ದರು. ಬಟ್ಟೆಯ ಗಾದಿ ಸರಿಸಿ, ಮೇಲಿನ ಪ್ಲೈವುಡ್ ಸೀಲಿಂಗಿನ ಒಂದು ತುಂಡು ಬಿಚ್ಚಿ, ತೊಲೆಗೆ ಎರಡು ದಪ್ಪ ಬಲ್ಲಿಗಳನ್ನು, ಮರದ ಗಳುಗಳನ್ನು, ಆನಿಸಿ ನಿಲ್ಲಿಸಿದ್ದರು. ಅವುಗಳ ಬುಡದಲ್ಲಿ ಮರದ ಬೆಣೆ. ಎರಡರ ನಡುವೆ ನೆಲದ ಮೇಲೆ ಕೂತು ಒಂದಕ್ಕೆ ಅಂಗೈ ಹಚ್ಚಿಕೊಂಡಿದ್ದರು. ಮೇಲೆ ಜನ ಓಡಾಡಿದಂತೆಲ್ಲ ಅವರ ಟೋಪಿಯ ಮೇಲೆ, ಹೆಗಲ ಮೇಲೆ ಸಣ್ಣಗೆ ಧೂಳು ಉದುರುತ್ತಿತ್ತು.

"ಇಲ್ಲೇನ ಮಾಡಾಕತ್ತೀರಿ?"

"ಅಂಗಡಿಯವನ ಕಾಲ ಹಿಡದ ಕೀಲಿ ಇಸಗೊಂಡ್ನಿ. ಮುಂಜಾನಿಂದ ಇಲ್ಲೇ ಅದೀನಿ" ಎಂದರು. ಆಮೇಲೆ ದನಿ ತಗ್ಗಿಸಿ, "ಬಾಯಾರ, ಒಂದ ಕೆಲಸ ಮಾಡ್ರಿ. ಊಟಾ ಅಂಗಳದಾಗ ಇಟ್ಟೀವಿ ಅನ್ರಿ. ಅರ್ಧಾ ಮಂದಿ ಇಳದ್ರೂ ಸಾಕು."

ನಾನು ಕತ್ತೆತ್ತಿ ನೋಡಿದೆ. ತೊಲೆಯ ಹೊಟ್ಟೆಯಲ್ಲಿ ಒಂದು ಸೀಳು ಉದ್ದಕ್ಕೆ ಹೋಗಿತ್ತು. ಆ ಸೀಳಿನ ಮೇಲೆ ನನ್ನ ಮನೆಯವರು, ಬೀಗರು, ಮಕ್ಕಳು ಕೂತು ಹೋಳಿಗೆ ತಿನ್ನುತ್ತಿದ್ದರು. ನಾನು ಮೇಲೆ ಹೋಗಿ ಏಳಿರಿ ಎಂದರೆ ಏನಾಗುತ್ತದೆ ಎಂದು ಯೋಚಿಸಿದೆ. ಅಥಣಿಯವರು ಏನೆಂದುಕೊಳ್ಳುತ್ತಾರೆ? ಇವರ ಮನೆ ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದಿಲ್ಲವೇ? ಮಾವ ನನ್ನನ್ನು ಜನ್ಮದಲ್ಲಿ ಕ್ಷಮಿಸುತ್ತಾರೆಯೇ?

"ಇನ್ನೊಂದ ತಾಸ, ಮಿಸ್ತ್ರಿ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. "ಆವತ್ತ ನಾ ಒಲ್ಲೆ ಅಂದಿದ್ರೂ ಬ್ಯಾರೆಯವ ಯಾವನರ ಬಂದು ಕಂಬ ಕೊಯ್ತಿದ್ದ. ಭಾಳ ವರ್ಷ ಹಿಂಗ ಅಂದಕೊಂಡ ಸಮಾಧಾನ ಮಾಡಕೊಂಡೀನ್ರಿ. ಆದ್ರ ಹಂಗ ಆಗಿದ್ರ ಅವ ಕೊಯ್ತಿದ್ದ, ನಾ ಅಲ್ಲ" ಎಂದರು. ಅಷ್ಟು ಹೇಳಿ ಮತ್ತೆ ಬಲ್ಲಿಗೆ ಕೈ ಹಚ್ಚಿದರು.

ನಾನು ಲೋಟದ ಬುಟ್ಟಿ ಹೊತ್ತು ಮೇಲೆ ಹೋದೆ. ಮುಂದಿನದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ನಡುವಿನ ಸಾಲಿನಲ್ಲಿ ಕೂತಿದ್ದ ನನ್ನ ಮಗನನ್ನು ಎಬ್ಬಿಸಿ ಗೋಡೆಯ ಪಕ್ಕದಲ್ಲಿ ಕೂರಿಸಿದೆ. ನಾನೂ ಗೋಡೆಯ ಅಂಚು ಹಿಡಿದೇ ನಡೆದು ತುಪ್ಪ ಬಡಿಸಿದೆ. ಅವನು ಕೂತಿದ್ದ ಜಾಗದಲ್ಲಿ ಅಥಣಿಯವರ ಒಂದು ಪುಟ್ಟ ಹುಡುಗಿ ಬಂದು ಕೂತಳು. ನೋಡಿದೆ. ಸುಮ್ಮನಿದ್ದೆ.

ಏನೂ ಆಗಲಿಲ್ಲ. ಬೀಗರು ನೆಲವನ್ನು ಹೊಗಳಿ ಎಲೆ ಅಡಿಕೆ ತೆಗೆದುಕೊಂಡು ಹೊರಟರು. ಕೊನೆಯ ಕಾರು ಹೋದ ಮೇಲೆ ನಾನು ಮಾವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಬಲ್ಲಿಗಳನ್ನು ನೋಡಿ ಅವರ ಮುಖ ಕೆಂಪಾಯಿತು. ಮಿಸ್ತ್ರಿ ಎದ್ದು ನಿಂತು ಕೈ ಮುಗಿದರು.

"ಬೈಯಬ್ಯಾಡ್ರಿ ಸಾವ್ಕಾರ್ರ. ಈ ಬೆಣಿ ಒಂದ ಜಗ್ಗಿ ನೋಡ್ರಿ. ಮುಂಜಾನೆ ನಾ ಇದನ್ನ ಬರೇ ಕೈಲೆ ಸೇರಿಸೀನಿ, ಹೊಡದಿಲ್ಲ. ಮಂದಿ ಹೋದ್ರೂ ಇಳದ ತೊಲಿ ಎದ್ದಿಲ್ಲ."

ಮಾವ ಬಗ್ಗಿ ಬೆಣೆ ಹಿಡಿದು ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು. ಇನ್ನೊಂದು ಬಲ್ಲಿಯ ಬೆಣೆಯನ್ನೂ ಎಳೆದು ನೋಡಿದರು. ಆಮೇಲೆ ಅಲ್ಲೇ ಬಟ್ಟೆಯ ಗಾದಿಯ ಮೇಲೆ ಕೂತುಬಿಟ್ಟರು. ಮೇಲೆ ಕೂತಿದ್ದ ಅಷ್ಟೂ ಜನರ ಭಾರ ಎಲ್ಲಿಗೆ ಬಂದು ನಿಂತಿತ್ತು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮರುವಾರವೇ ಕೆಲಸ ಶುರುವಾಯಿತು. ಮಿಸ್ತ್ರಿ ಲಾರಿಯವರ ಜಾಕ್ ತಂದು ತೊಲೆಯ ಕೆಳಗೆ ಕೊಟ್ಟು, ದಿನಕ್ಕೆ ಒಂದೇ ಸುತ್ತು ತಿರುಗಿಸುತ್ತ ಹದಿನೈದು ದಿನ ಎತ್ತಿದರು. ಅವಸರ ಮಾಡಿದರೆ ತೊಲೆ ಪೂರ್ತಿ ಸೀಳುತ್ತದೆ ಎನ್ನುತ್ತಿದ್ದರು. ಸೀಳಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಹೊಸ ಕಂಬ ನಿಲ್ಲಿಸಿದರು. ತೊಲೆ ಮೇಲೆದ್ದಂತೆ, ತಗ್ಗು ತುಂಬಿದ್ದ ಜಾಗವೇ ಗುಡ್ಡವಾಗಿ ಎದ್ದಿತು. ಮೇಲೆ ಲ್ಯಾಮಿನೇಟಿನ ಕೊಂಡಿಗಳು ಒಂದೊಂದಾಗಿ ಟಪ್ಪೆಂದು ಬಿಟ್ಟುಕೊಳ್ಳುವ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಮಾವ ಆ ನೆಲವನ್ನು ತೆಗೆಸಲೂ ಇಲ್ಲ, ರಿಪೇರಿಯನ್ನೂ ಮಾಡಿಸಲಿಲ್ಲ. ನಡುವಿನ ಗುಡ್ಡವನ್ನು ಬಳಸಿಕೊಂಡು ಓಡಾಡುತ್ತಿದ್ದರು. ಬಟ್ಟೆಯಂಗಡಿಯವನು ಬಿಟ್ಟುಹೋಗಲಿಲ್ಲ. ಕಂಬಕ್ಕೆ ನಾಲ್ಕು ಕಡೆ ಕನ್ನಡಿ ಹಚ್ಚಿಸಿದ.

ಇಲ್ಲಿಗೆ ಮಿಸ್ತ್ರಿಯ ಮನಸ್ಸು ಹಗುರಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ನಮ್ಮ ಅಂಗಡಿ ಕಂಬವಿಲ್ಲದೆ ವಿಶಾಲವಾದದ್ದನ್ನು ನೋಡಿ, ಆ ಕಾಲದಲ್ಲಿ ಪೇಟೆಯ ಇನ್ನೂ ನಾಲ್ಕು ಮನೆಯವರು ಅವರನ್ನು ಕರೆಸಿ ಕಂಬ ತೆಗೆಸಿದ್ದರು. ಅಲ್ಲಿಯೂ ಗರ್ಡರ್ ಹಾಕಿರಲಿಲ್ಲ. ಮಿಸ್ತ್ರಿ ಆ ನಾಲ್ಕು ಮನೆಗಳ ಬಾಗಿಲು ಬಡಿಯಲು ಶುರುಮಾಡಿದರು. "ನಾ ತಪ್ಪ ಮಾಡೀನ್ರಿ, ಒಮ್ಮಿ ತೊಲಿ ನೋಡಾಕ ಬಿಡ್ರಿ" ಎಂದು ಕೇಳುತ್ತಿದ್ದರು. ಮೊದಮೊದಲು ಜನ ಚಹಾ ಕೊಟ್ಟು ಕಳಿಸಿದರು. ಕೆಲಸ ಹುಟ್ಟಿಸಿಕೊಳ್ಳಲು ಬರುತ್ತಾನೆ ಎಂದು ಒಬ್ಬರು ಅಂದರು. ಒಬ್ಬ ಮನೆಯ ಮಾಲೀಕ ಅವರನ್ನು ಬೀದಿಯಲ್ಲೇ ತಳ್ಳಿದ. ಹೊಸ ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ತಾನೇ ಕಟ್ಟಿದ್ದು ಕೆಟ್ಟದ್ದು ಎಂದು ಹೇಳಿಕೊಂಡು ತಿರುಗುವ ಬಡಿಗನನ್ನು ಯಾರು ಕರೆಯುತ್ತಾರೆ?

ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದ ಮೇಲೆ ಮಗಳ ಕೈಯಲ್ಲಿ ನನಗೆ ಹೇಳಿಕಳಿಸಿದರು. ಹೋದೆ. ಉಸಿರಿಗೆ ನಿಂತು ನಿಂತು ಮಾತಾಡಿದರು.

"ನಾ ಹೇಳಿದ್ರ ಮುದಕಗ ಮರುಳ ಅಂತಾರ. ನೀವು ಸಾಲಿ ಕಲಿಸವ್ರು. ನೀವು ಕಾಗದದಾಗ ಬರದ್ರ ಓದ್ತಾರ. ನಾಕ ಮನಿಗೂ ಬರದ ಕೊಡ್ರಿ ಬಾಯಾರ. ಕಂಬ ಎಲ್ಲಿತ್ತು ಅಂತ ನಾ ಹೇಳ್ತೀನಿ."

ಕೂತು ಬರೆದೆ. ಅಷ್ಟು ವರ್ಷದ ಮೇಲೂ ಯಾವ ಮನೆಯಲ್ಲಿ ಕಂಬ ಯಾವ ಗೋಡೆಯಿಂದ ಎಷ್ಟು ಅಡಿ ದೂರ ಇತ್ತು ಎಂಬುದು ಅವರ ಬಾಯಲ್ಲಿತ್ತು. ನಾಲ್ಕು ಪತ್ರ. ಮರುದಿನ ಒಂದನ್ನು ಕೊಟ್ಟೆ. ಆ ಮನೆಯವರು ಓದಿ ನೇರವಾಗಿ ಮಾವನ ಹತ್ತಿರ ಬಂದರು. ಅವರು ಹೋದ ಮೇಲೆ ಮಾವ ನನ್ನನ್ನು ಕರೆದು, "ನಮ್ಮ ಮನಿ ಮಾತ ಊರ ತುಂಬ ಹಂಚಾಕ ಹೊಂಟೀಯೇನು?" ಎಂದರು. ಉಳಿದ ಮೂರನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟೆ.

ಎಂಟು ದಿನ ಬಿಟ್ಟು ಹೋದಾಗ ಮಿಸ್ತ್ರಿಗೆ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. "ಮುಟ್ಟಿಸಿದ್ರೇನ್ರಿ?" ಎಂದು ಕೇಳಿದರು.

"ಮುಟ್ಟಿಸೀನ್ರಿ."

"ನಾಕೂ?"

"ನಾಕೂ."

ಅವರ ಮುಖ ಸಡಿಲಾಯಿತು. ಅವರ ಹಣೆಯ ಗಂಟು ಬಿಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೂರನೆಯ ದಿನ ತೀರಿಕೊಂಡರು.

ದಿನಕರ್ಮ ಮುಗಿಯುವವರೆಗೂ ನನಗೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಟ್ರಂಕಿನಿಂದ ಮೂರೂ ಪತ್ರ ತೆಗೆದುಕೊಂಡು ಹೊರಟೆ. ಮಾವ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರು ಬೀದಿಯ ಕಡೆ ತಿರುಗಿ ಕೂತರು.

ಮೊದಲನೆಯ ಮನೆಯವರು ಹಿಂದಿನ ವರ್ಷವೇ ಹಳೆಯದನ್ನು ಕೆಡವಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿಕೊಂಡಿದ್ದರು. ಎರಡನೆಯ ಮನೆಯ ಯಜಮಾನ ಪತ್ರವನ್ನು ಓದದೆ ಮಡಿಸಿ ಜೇಬಿಗೆ ಇಟ್ಟುಕೊಂಡು, "ಆ ಮುದುಕ ಸತ್ತರೂ ಬಿಡವಲ್ಲ" ಎಂದ. ನಾನು ಅಲ್ಲೇ ನಿಂತು ಪತ್ರದಲ್ಲಿದ್ದದ್ದನ್ನೆಲ್ಲ ಬಾಯಿಂದ ಹೇಳಿದೆ. ಕೇಳಿದನೋ ಇಲ್ಲವೋ ಗೊತ್ತಿಲ್ಲ.

ಮೂರನೆಯದು ಬೀದಿಯ ಕೊನೆಯ ಮನೆ. ಕೆಳಗೆ ಪಾತ್ರೆಯಂಗಡಿ. ಗಂಡಸರು ಯಾರೂ ಇರಲಿಲ್ಲ, ಸೊಸೆ ಒಬ್ಬಳೇ ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತಿದ್ದಳು. ಹೊಸದಾಗಿ ಬಂದವಳು, ಚಿಕ್ಕೋಡಿಯ ಕಡೆಯವಳಂತೆ. ಪತ್ರ ಕೊಟ್ಟೆ. ನಿಧಾನವಾಗಿ ಓದಿದಳು. ಓದಿ, ಕತ್ತೆತ್ತಿ ಮೇಲೆ ನೋಡಿದಳು. ನಾನೂ ನೋಡಿದೆ. ಸ್ಟೀಲ್ ಕೊಡಗಳನ್ನು ತೂಗುಹಾಕಿದ್ದ ತೊಲೆ ನಡುವೆ ಇಳಿಬಿದ್ದದ್ದು ಹಗಲಿನ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು.

"ಇದನ್ನ ಹೇಳಿದವ್ರು ಯಾರ್ರಿ?" ಎಂದು ಕೇಳಿದಳು.

"ಕಂಬ ಕೊಯ್ದವ್ರು."

"ಮ್ಯಾಲ ನನ್ನ ಕೂಸು ಮಲಗೈತ್ರಿ" ಎಂದಳು. ಪತ್ರವನ್ನು ನನ್ನ ಕೈಗೇ ತುರುಕಿ, ಗಲ್ಲೆಯಿಂದ ಜಿಗಿದು, ಸೆರಗು ಸಿಕ್ಕಿಸಿಕೊಳ್ಳುತ್ತ ಮೆಟ್ಟಿಲ ಕಡೆ ಓಡಿದಳು. ಅವಳ ಹೆಜ್ಜೆಗಳು ಹಲಗೆಯ ಮೇಲೆ ನಡುವಿನವರೆಗೆ ಹೋಗಿ ನಿಂತದ್ದು, ಮತ್ತೆ ಗೋಡೆಯ ಕಡೆಗೆ ತಿರುಗಿದ್ದು ಕೆಳಗೆ ನನಗೆ ಕೇಳಿಸಿತು. ಅವಳು ಇಳಿದು ಬರುವವರೆಗೂ ನಾನು ಆ ತೊಲೆಯಿಂದ ಕಣ್ಣು ತೆಗೆಯಲಿಲ್ಲ.